10 ಎಂಎಲ್‌ಡಿ ನೀರು ಶುದ್ಧೀಕರಣ ಘಟಕದಿಂದ 15 ಎಂಎಲ್‌ಡಿ ತೆಗೆದದ್ದು: ನನ್ನ ಅನುಭವ

ನಮ್ಮದು ನದಿ ನೀರು ಶುದ್ಧ ಮಾಡುವ ಹಳೇ ಘಟಕ, 10 ಎಂಎಲ್‌ಡಿಯದು (ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್). ಪಕ್ಕದಲ್ಲಿ ಹೊಸ ಘಟಕ ಕಟ್ಟದೆ 15 ಎಂಎಲ್‌ಡಿ ಆಗಲ್ಲ ಅಂದವರೇ ಜಾಸ್ತಿ. ಅದರ ಎಸ್ಟಿಮೇಟು ಆರು ಕೋಟಿ ಹತ್ತಿರ. ನಮ್ಮದು ಒಂದೂಕಾಲು ಕೋಟಿ ಆಸುಪಾಸಿನಲ್ಲಿ ಮುಗಿಯಿತು. ಮಳೆಗಾಲದಲ್ಲೂ ಫಿಲ್ಟರ್ ನೀರಿನ ಕಲಕು 1 ಎನ್‌ಟಿಯು (ಕಲಕು ಅಳೆಯುವ ಮಾನ) ದಾಟಿಲ್ಲ, ಬಂದು ನೋಡಬಹುದು.

ಕೆಸರು ತಳಕ್ಕಿಳಿಯುವ ಸೆಟ್ಲಿಂಗ್ ತೊಟ್ಟಿಗೆ ಟ್ಯೂಬ್ ಸೆಟ್ಲರ್ (ಕೆಸರನ್ನು ಬೇಗ ಕೂರಿಸುವ ಓರೆ ಕೊಳವೆಗಳ ಕಟ್ಟು), ಫಿಲ್ಟರಿಗೆ ಆಂಥ್ರಸೈಟ್ (ಗಟ್ಟಿ ಕಲ್ಲಿದ್ದಲಿನ ಕಾಳು). ಗೊತ್ತಿರುವ ವಿದ್ಯೆಯೇ. ನಮ್ಮವು ಆಯತಾಕಾರದ ಹಳೇ ತೊಟ್ಟಿಗಳಾದ್ದರಿಂದ ಬಚಾವು. ತಿರುಗೋ ಬ್ರಿಡ್ಜಿಗೆ ಸ್ಕ್ರೇಪರ್ (ತಳದ ಕೆಸರು ಗೋರುವ ತೋಳು) ನೇತುಹಾಕಿರುವ ಗುಂಡು ತೊಟ್ಟಿ, ಅಂದರೆ ಕ್ಲಾರಿಫ್ಲಾಕ್ಯುಲೇಟರಾದರೆ ಕೈ ಹಾಕಬೇಡಿ, ಆ ತೋಳು ಹಾಯಲು ಜಾಗವೇ ಉಳಿಯಲ್ಲ.

50 ಮಿಮೀ ಚೌಕದ ಪಿವಿಸಿ ಟ್ಯೂಬು, 60 ಡಿಗ್ರಿ ಓರೆ. ನೀರು ಒಳಬರುವ ಕಡೆ ಮೂರನೇ ಒಂದು ಭಾಗ ಖಾಲಿ ಬಿಟ್ಟೆವು. ಅಲ್ಲಿ ನೀರು ಶಾಂತವಾಗದಿದ್ದರೆ ಟ್ಯೂಬ್ ಹಾಕಿ ಪ್ರಯೋಜನವಿಲ್ಲ. ಗೋಡೆ ಪಕ್ಕದ ಸಂದು ಪೂರ್ತಿ ಮುಚ್ಚಬೇಕು, ಬೆರಳಗಲ ಬಿಟ್ಟರೂ ಕೆಸರು ಅಲ್ಲಿಂದಲೇ ಏಳುತ್ತೆ.

ಅನಾಹುತ ಆಗುವುದು ತೊಟ್ಟಿ ಖಾಲಿ ಮಾಡುವಾಗ. ನೀರು ಸರ್ರನೆ ಇಳಿಸಿದರೆ ಟ್ಯೂಬಿನೊಳಗಿನ ಕೆಸರಿನ ಭಾರವೆಲ್ಲ ಟ್ಯೂಬನ್ನು ಹೊತ್ತಿರುವ ಆಂಗಲ್ ಮೇಲೆ ಕೂರುತ್ತೆ. ಒಂದು ಸಾಲು ಹೀಗೇ ಬಾಗಿ ಕುಸಿದು ಮೂರು ಲಕ್ಷ ಹೋಯಿತು. ಈಗ ಅಡಿ ಅಡಿ ಇಳಿಸುತ್ತಾ ಮೇಲಿಂದ ಪೈಪು ಹಿಡಿದು ತೊಳೆಯುತ್ತೇವೆ. ಪಾಳಿಗೊಮ್ಮೆ ತೆಗೆಯುತ್ತಿದ್ದ ಕೆಸರು ವಾಲ್ವನ್ನು ಮಳೆಗಾಲದಲ್ಲಿ ಎರಡು ಗಂಟೆಗೊಮ್ಮೆ ತೆಗೆಯಬೇಕು.

ಲೆಕ್ಕಕ್ಕೆ ಬಾರದೇ ಉಳಿಯುವುದು ಪೈಪು. ಹರಿವು ಒಂದೂವರೆ ಪಟ್ಟಾದರೆ ಘರ್ಷಣೆ ನಷ್ಟ ಎರಡೂಕಾಲು ಪಟ್ಟು. ತೊಟ್ಟಿಗೂ ಫಿಲ್ಟರಿಗೂ ನಡುವೆ ಈ ನಷ್ಟ ನಾಲ್ಕಂಗುಲ ಇದ್ದದ್ದು ಒಂಬತ್ತಾಗಿ, ತೊಟ್ಟಿಯ ನೀರು ಏರಿ ಲಾಂಡರ್ (ತಿಳಿನೀರು ಹೊರಹೋಗುವ ಮೇಲಿನ ಕಾಲುವೆ) ಮುಳುಗಿಬಿಡ್ತು. ಜೊತೆಗೊಂದು ಪೈಪು ಎಳೆದ ಮೇಲೆಯೇ ಸರಿಹೋಗಿದ್ದು.

ಫಿಲ್ಟರ್ ನಾಲ್ಕು ಬೆಡ್ (ಮರಳಿನ ಹಾಸು). ನೀರು ಇಳಿಯುವ ವೇಗ ಗಂಟೆಗೆ 5 ಮೀಟರ್ ಇದ್ದದ್ದು 7.5 ಆಯಿತು, ಒಂದು ಬೆಡ್ ಬ್ಯಾಕ್‌ವಾಶಿಗೆ (ಕೆಳಗಿನಿಂದ ನೀರು ಬಿಟ್ಟು ತೊಳೆಯುವುದಕ್ಕೆ) ಹೋದರೆ ಉಳಿದ ಮೂರರ ಮೇಲೆ 10. ಬರೀ ಮರಳು ಇದನ್ನು ತಾಳಲ್ಲ. ಮೇಲಿನ 25 ಸೆಂಮೀ ಮರಳು ತೆಗೆದು, ಸುಮಾರು 1 ಮಿಮೀ ಕಾಳಿನ ಆಂಥ್ರಸೈಟ್ ತುಂಬಿದೆವು. ತೊಳೆಯುವಾಗ ಗಾಳಿ, ನೀರು ಒಟ್ಟಿಗೆ ಬಿಟ್ಟರೆ ದುಬಾರಿ ಮಾಲೆಲ್ಲ ಗಟಾರಕ್ಕೆ! ನೀರಿನ ಮಟ್ಟ ಇಳಿಸಿ ಗಾಳಿ ಕೊಡಿ, ಗಾಳಿ ನಿಲ್ಲಿಸಿ ಆಮೇಲೆ ನೀರು ಬಿಡಿ.

ಮಹಾರಾಷ್ಟ್ರದ ರಾಮಟೆಕ್‌ನಲ್ಲಿ 1970ರ ದಶಕದಲ್ಲೇ ಫಿಲ್ಟರ್ ಮರಳಿನ ಮೇಲೆ ತೆಂಗಿನ ಚಿಪ್ಪಿನ ಪುಡಿಯನ್ನು ಹೀಗೆ ಬಳಸಿದ್ದರು. ನಾವೂ ತಿಪಟೂರು ಕಡೆಯ ಚಿಪ್ಪು ಒಡೆಸಿ, ಜರಡಿ ಹಿಡಿದು ಒಂದು ಬೆಡ್ಡಿಗೆ ಹಾಕಿ ನೋಡಿದೆವು. ಶುರುವಿನಲ್ಲಿ ನೀರಿಗೆ ಚಹಾ ಬಣ್ಣ ಬಂತು, ಆ ನೀರನ್ನೆಲ್ಲ ಚೆಲ್ಲಿದೆವು. ಆಮೇಲೆ ಆಂಥ್ರಸೈಟಿಗೆ ಕಮ್ಮಿಯಿಲ್ಲ, ಖರ್ಚು ಕಾಲು ಭಾಗ. ಎಷ್ಟು ವರ್ಷ ಬಾಳುತ್ತೋ ನೋಡಬೇಕು.

ನದಿ ಕೆಂಪಾದಾಗ ಕೆಸರು ಗಂಟುಕಟ್ಟಿಸಲು ಆಲಂ (ಪಟಿಕ) ಜೊತೆ ಪಿಎಸಿ (ಪಾಲಿ ಅಲ್ಯೂಮಿನಿಯಂ ಕ್ಲೋರೈಡ್) ಎಷ್ಟು, ಯಾವ ಜಾಗದಲ್ಲಿ ಬಿಡುತ್ತೇವೆ ಅನ್ನೋದು ನಮ್ಮಲ್ಲೇ ಇರಲಿ. ಜಾರ್ ಟೆಸ್ಟ್ (ಜಾರುಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡುವುದು) ಮಾಡಿ ನೀವೇ ಕಂಡುಕೊಳ್ಳಿ.

ರೋಗಾಣು ಕೊಲ್ಲಲು ಕ್ಲೋರಿನ್ನಿಗೆ ಅರ್ಧ ಗಂಟೆ ಸಿಗಬೇಕೆಂದರೆ 15 ಎಂಎಲ್‌ಡಿಗೆ ಸಂಪಿನಲ್ಲಿ ಸದಾ 313 ಘನ ಮೀಟರ್ ನೀರಾದರೂ ನಿಂತಿರಬೇಕು. ಇದ್ದರೂ ನೀರು ಅಡ್ಡದಾರಿ ಹಿಡಿದು ಹೊರಟುಬಿಡುತ್ತೆ. ಒಳಗೆ ಹಾವಿನಂತೆ ಸುತ್ತಿ ಬರುವ ಹಾಗೆ ಅಡ್ಡಗೋಡೆ ಕಟ್ಟಿಸಿ.