ಪೇಟೆ ಹುಡುಗಿ ಕುಸ್ತಿಗೆ ಇಳಿದರೆ: ಮೊದಲ ಮೂರು ತಿಂಗಳು

ದಾವಣಗೆರೆಗೆ ಕುಸ್ತಿ ಹೊಸದಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ಕಣದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಆದರೂ ಶಾಲೆ, ಟ್ಯೂಷನ್ ಎಂದು ಬೆಳೆದ ಹನ್ನೆರಡರ ಹುಡುಗಿ ಕುಸ್ತಿ ಕಲಿಯುತ್ತೇನೆ ಅಂದರೆ ಮನೆಯವರು ಮೊದಲು ಕೇಳುವುದು, ‘ಕೈಕಾಲು ಮುರಕೊಂಡ್ರೆ?’ ಕೇಳಲೇಬೇಕಾದ ಪ್ರಶ್ನೆ ಅದು. ಪಟ್ಟು ಕಲಿಸುವ ಮೊದಲು ಬೀಳುವುದನ್ನು ಕಲಿಸಿದರೆ ಆ ಭಯ ಬಹುಪಾಲು ಕಳೆಯುತ್ತದೆ.

ಹಳೆಯ ಗರಡಿ ಮನೆಗಳಲ್ಲಿ ಹಲವು ಕಡೆ ಹೆಣ್ಣುಮಕ್ಕಳನ್ನು ಮಣ್ಣಿಗಿಳಿಸುವ ರೂಢಿ ಇಲ್ಲ. ಅಲ್ಲಿ ವಾದಕ್ಕೆ ನಿಂತು ದಿನ ಕಳೆಯುವ ಬದಲು ಮ್ಯಾಟ್ (ಕುಸ್ತಿಯ ಮೆತ್ತನೆ ಹಾಸು) ಇರುವ ಜಾಗ ಹುಡುಕಿ. ಒಲಿಂಪಿಕ್ಸ್ ಮಾದರಿಯ ಸ್ಪರ್ಧೆಗಳು ನಡೆಯುವುದು ಮ್ಯಾಟ್ ಮೇಲೆಯೇ. ಮಣ್ಣಿನಲ್ಲಿ ಪಳಗಿದ್ದ ಭಾರತದ ಕುಸ್ತಿಪಟು ಕೆ.ಡಿ. ಜಾಧವ್ ಕೂಡ 1948ರ ಲಂಡನ್ ಒಲಿಂಪಿಕ್ಸ್ ನಂತರ ಮ್ಯಾಟಿಗೆ ಒಗ್ಗಿಕೊಂಡೇ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸೇರಿಸುವ ಮುಂಚೆ ಒಂದು ಸಂಜೆ ಕೂತು ನೋಡಿ: ಸಮತೂಕದ ಜೊತೆಗಾತಿ ಇದ್ದಾಳೆಯೇ? ಮ್ಯಾಟ್‌ಗಳನ್ನು ನಡುವೆ ಬೆರಳು ತೂರದಂತೆ ಒತ್ತಾಗಿ ಜೋಡಿಸಿದ್ದಾರೆಯೇ? ದಿನಾ ಸೋಂಕುನಿವಾರಕ ಹಾಕಿ ಒರೆಸುತ್ತಾರೆಯೇ?

ಆರಂಭಕ್ಕೆ ದುಡ್ಡು ಸುರಿಯಬೇಡಿ. ಜೇಬು, ಗುಂಡಿ, ಜಿಪ್ ಇಲ್ಲದ ಮೈಗಂಟುವ ಟೀ ಶರ್ಟ್, ಟೈಟ್ಸ್, ಸ್ಪೋರ್ಟ್ಸ್ ಬ್ರಾ, ಮಂಡಿಗೆ ಪ್ಯಾಡ್ ಸಾಕು. ಕುಸ್ತಿ ಬೂಟು ಮೂರು ತಿಂಗಳ ನಂತರ ಕೊಂಡರಾಯಿತು, ಕೊಂಡ ಮೇಲೆ ಅದನ್ನು ಹಾಕಿಕೊಂಡು ಬಚ್ಚಲಿಗಾಗಲಿ ಬೀದಿಗಾಗಲಿ ಹೋಗಕೂಡದು. ಬಳೆ, ಓಲೆ, ಮೂಗುತಿ, ತಾಯಿತ, ಉಡುದಾರ ಎಲ್ಲ ತೆಗೆಯಬೇಕು. ಉಡುದಾರ ತೆಗೆಯಲು ಅಜ್ಜಿ ಒಪ್ಪದಿರಬಹುದು. ಎದುರಾಳಿಯ ಬೆರಳು ಅದರಲ್ಲಿ ಸಿಕ್ಕಿಕೊಂಡರೆ ಬೆರಳೇ ತಿರುಚಿಹೋಗುತ್ತದೆಂದು ತಿಳಿಸಿ ಹೇಳಿ. ಸ್ನಾನವಾದ ಮೇಲೆ ಮತ್ತೆ ಕಟ್ಟಿಕೊಳ್ಳಲಿ. ಕೂದಲಿಗೆ ಬಿಗಿ ಜಡೆ, ರಬ್ಬರ್ ಬ್ಯಾಂಡ್. ಲೋಹದ ಕ್ಲಿಪ್ ಬೇಡ.

ಮೊದಲ ಎರಡು ವಾರ ಬೀಳುವುದೇ ಪಾಠ. ಕುಕ್ಕರುಗಾಲಲ್ಲಿ ಕೂತು, ಗದ್ದವನ್ನು ಎದೆಗೊತ್ತಿ, ಬೆನ್ನನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳುವುದು, ಹತ್ತರಂತೆ ಮೂರು ಸಲ. ಬೆನ್ನು ತಾಗುವಾಗಲೇ ಎರಡೂ ತೋಳು ಮೈಯಿಂದ ಓರೆಯಾಗಿ, ಅಂಗೈ ಕೆಳಗೆ ಮಾಡಿ ಮ್ಯಾಟನ್ನು ಬಡಿಯಬೇಕು. ಗದ್ದ ಮೇಲೆದ್ದರೆ ತಲೆಯ ಹಿಂಭಾಗ ಬಡಿಯುತ್ತದೆ. ಬೀಳುವಾಗ ಕೈಯನ್ನು ಹಿಂದೆ ಊರುವುದು ಎಲ್ಲರಿಗೂ ಸಹಜವಾಗಿ ಬರುವ ತಪ್ಪು. ಆಗ ಮೈಭಾರವೆಲ್ಲ ಒಂದೇ ಕೈಗೆ ಬಿದ್ದು ಮಣಿಕಟ್ಟೋ ಮೊಳಕೈಯೋ ಮುರಿಯಬಹುದು. ನಿಂತು ಬೀಳುವುದು, ಜೊತೆಗಾತಿ ಎತ್ತಿ ಹಾಕಿದಾಗ ಬೀಳುವುದು ಎಲ್ಲ ಕೈ ಊರುವ ಚಾಳಿ ಬಿಟ್ಟ ಮೇಲೆಯೇ.

ಕುತ್ತಿಗೆಗೂ ಇದೇ ತಾಳ್ಮೆ ಬೇಕು. ಹಣೆಗೆ ಅಂಗೈ ಒತ್ತಿ ತಲೆ ಅಲುಗದಂತೆ 10 ಸೆಕೆಂಡ್ ತಡೆಯಲಿ, ಹಾಗೆಯೇ ಹಿಂದೆ, ಎಡ, ಬಲ, ಒಂದೊಂದು ದಿಕ್ಕಿಗೆ ಮೂರು ಸಲ. ನೆತ್ತಿಯೂರಿ ಮೈಯನ್ನು ಕಮಾನು ಬಗ್ಗಿಸುವುದು ಎರಡನೇ ತಿಂಗಳ ನಂತರ, ಅದೂ ಕೈ ಆಸರೆಯೊಂದಿಗೆ. ತೋಳಿಗೆ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕಸುವಿಗೆ ದಂಡ (ಅಂಗೈಯೂರಿ ಮೈ ತಗ್ಗಿಸಿ ಏಳುವುದು) 5, ಬಸ್ಕಿ 15, ಮೂರು ಸುತ್ತು. ಹುಮ್ಮಸ್ಸಿನಲ್ಲಿ ಮೊದಲ ದಿನವೇ ನೂರಾರು ಬಸ್ಕಿ ಹೊಡೆದರೆ ಮರುದಿನ ಮೆಟ್ಟಿಲು ಇಳಿಯಲಾಗದು. ವಿಪರೀತವಾದರೆ ಸ್ನಾಯುವೇ ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ; ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಅಭ್ಯಾಸವಾದರೆ ಮೈಗೂ ಬಿಡುವು, ಟ್ಯೂಷನ್ನಿಗೂ ಸಮಯ. ಬೆಣ್ಣೆ ದೋಸೆ ತಿಂದು ನೇರ ಮ್ಯಾಟಿಗೆ ಬಂದವರು ವಾಂತಿ ಮಾಡಿಕೊಳ್ಳುವುದುಂಟು, ತಿಂಡಿಗೂ ಅಭ್ಯಾಸಕ್ಕೂ ಎರಡು ಗಂಟೆ ಅಂತರವಿರಲಿ.

ಎರಡನೇ ತಿಂಗಳಿಗೆ ಕಾಲಿಗೆ ಕೈ ಹಾಕುವ ಪಟ್ಟು. ಸೊಂಟ ಬಗ್ಗಿಸಬಾರದು, ಮಂಡಿ ಮಡಿಸಿ ತಗ್ಗಬೇಕು. ಮುಂದಿನ ಹೆಜ್ಜೆ ಎದುರಾಳಿಯ ಎರಡು ಪಾದಗಳ ನಡುವೆ, ತಲೆ ಎತ್ತಿ ಅವಳ ಪಕ್ಕೆಗೆ ಒತ್ತಿಕೊಂಡಿರಬೇಕು. ತಲೆ ತಗ್ಗಿತೋ, ಅವಳು ಕುತ್ತಿಗೆ ಸುತ್ತಿ ಕೆಳಕ್ಕೆ ಅದುಮುತ್ತಾಳೆ.

ಮಕ್ಕಳಿಗೆ ಅಭ್ಯಾಸ ತಪ್ಪುವುದು ಪೆಟ್ಟಿನಿಂದ ಮಾತ್ರವಲ್ಲ, ಚರ್ಮದ ತೊಂದರೆಯಿಂದಲೂ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಸೋಪು ಹಚ್ಚಿ ಸ್ನಾನ, ಬೇರೆ ಟವೆಲ್, ಬಟ್ಟೆ ಅಂದೇ ಒಗೆದು ಬಿಸಿಲಿಗೆ. ದುಂಡಗೆ ಕೆಂಪಾಗಿ ತುರಿಸಿದರೆ ಗಜಕರ್ಣ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನಷ್ಟೇ ಅಡಗಿಸಿ ಸೋಂಕನ್ನು ಹರಡಿಸುತ್ತದೆ. ಚರ್ಮದ ವೈದ್ಯರು ಸರಿ ಅನ್ನುವವರೆಗೆ ಮ್ಯಾಟಿಗೆ ಕಳಿಸಬೇಡಿ. ಕಿವಿ ಊದಿ ಮೆತ್ತಗಾದರೆ ಒಂದೆರಡು ದಿನದೊಳಗೆ ವೈದ್ಯರು ಅಲ್ಲಿ ತುಂಬಿದ ರಕ್ತ ತೆಗೆಯಬೇಕು, ಬಿಟ್ಟರೆ ಕಿವಿ ಮುದುಡಿ ಗಟ್ಟಿಯಾಗಿ ಹಾಗೇ ಉಳಿದುಬಿಡುತ್ತದೆ.

ಮೂರು ತಿಂಗಳ ನಂತರ ಪಂದ್ಯದ ಮಾತು. ನೆಲಕ್ಕೆ ಕೆಡವಿ ಹಿಡಿತ ಸಾಧಿಸಿದರೆ 2 ಅಂಕ, ವೃತ್ತದಾಚೆ ತಳ್ಳಿದರೆ 1. ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಕಡಿಮೆ ತೂಕದ ವಿಭಾಗಕ್ಕೆ ಸೇರಿಸಲು ಊಟ, ನೀರು ಬಿಡಿಸುವವರಿದ್ದಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅದು ಅಪಾಯ. ಬೆಳೆಯುವ ಹುಡುಗಿ ಅಂದು ಎಷ್ಟು ತೂಗುತ್ತಾಳೋ ಆ ವಿಭಾಗದಲ್ಲೇ ಆಡಲಿ.