ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ಪೆನ್ಷನ್ ಲೆಕ್ಕದ ಖಾಲಿ ವರ್ಷಗಳು

ನಾನು 2010ರ ಬೇಸಿಗೆಯಲ್ಲಿ, ಒಂದು ವರ್ಷದ ಮಗಳನ್ನು ಎತ್ತಿಕೊಂಡು ರೆಡಿಂಗ್‌ಗೆ ಬಂದೆ. ನಮ್ಮ ಯಜಮಾನರ ಪೇಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ‘ಎನ್‌ಐ’ ಅಂತ ಒಂದಿಷ್ಟು ದುಡ್ಡು ಕಟ್ ಆಗುತ್ತಿತ್ತು. ಅದೂ ಒಂದು ತೆರಿಗೆ ಅಂದುಕೊಂಡು ಸುಮ್ಮನಿದ್ದೆವು. 2024ರಲ್ಲಿ ಮೊದಲ ಸಲ ನನ್ನ ಹೆಸರಿನ ಎನ್‌ಐ ರೆಕಾರ್ಡ್ ತೆಗೆದು ನೋಡಿದೆ. ಬಂದ ವರ್ಷದಿಂದ ಶುರುವಾಗಿ ಒಂದರ ಕೆಳಗೆ ಒಂದು ವರ್ಷ ‘ಪೂರ್ತಿಯಾಗಿಲ್ಲ’ ಅಂತ ಬರೆದಿತ್ತು. ಮನೆಯಲ್ಲಿದ್ದು ಮಗು ಬೆಳೆಸಿದ ವರ್ಷಗಳು ಅವು. ಅವತ್ತು ತುಂಬಾ ಬೇಜಾರಾಯಿತು. ನೀವು ಹದಿನಾಲ್ಕು ವರ್ಷ ಕಾಯಬೇಡಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎನ್‌ಐ ಅಂದರೆ ನ್ಯಾಷನಲ್ ಇನ್ಶೂರೆನ್ಸ್. ಇಲ್ಲಿನ ಸರ್ಕಾರಿ ಪೆನ್ಷನ್, ಅಂದರೆ ಸ್ಟೇಟ್ ಪೆನ್ಷನ್, ನಿಂತಿರುವುದೇ ಅದರ ಮೇಲೆ. ನಮ್ಮ ಪಿಎಫ್ ಥರ ನಿಮ್ಮ ಹೆಸರಿನಲ್ಲಿ ದುಡ್ಡು ಬೆಳೆಯುವುದಿಲ್ಲ. ಎಷ್ಟು ವರ್ಷ ಸೇರಿತು ಅನ್ನುವುದಷ್ಟೇ ಲೆಕ್ಕ. 2016ರ ಏಪ್ರಿಲ್‌ನಲ್ಲಿ ಬಂದ ಹೊಸ ಪದ್ಧತಿಯಲ್ಲಿ 35 ವರ್ಷ ಇದ್ದರೆ ಪೂರ್ತಿ ಪೆನ್ಷನ್. 2025-26ರಲ್ಲಿ ಅದು ವಾರಕ್ಕೆ 230.25 ಪೌಂಡ್. 35ಕ್ಕಿಂತ ಕಡಿಮೆ ಇದ್ದರೆ ಇದ್ದಷ್ಟು ವರ್ಷಕ್ಕೆ ಪಾಲು ಸಿಗುತ್ತದೆ. ಆದರೆ 10 ವರ್ಷ ಮುಟ್ಟದಿದ್ದರೆ ಒಂದು ಪೆನ್ನಿಯೂ ಇಲ್ಲ. ಒಂಬತ್ತು ವರ್ಷ ದುಡಿದು ಊರಿಗೆ ವಾಪಸ್ ಹೋದವರಿಗೂ ಸೊನ್ನೆ. ಭಾರತದಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನು ಇದಕ್ಕೆ ಕೂಡಿಸಿಕೊಳ್ಳಲು ಬರುವುದಿಲ್ಲ.

ವೀಸಾದ ಮೇಲಿರುವವರಿಗೆ ಇದೆಲ್ಲ ಸಿಗುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ವೀಸಾದಲ್ಲಿ ‘ಪಬ್ಲಿಕ್ ಫಂಡ್ಸ್ ಇಲ್ಲ’ (ಕೆಲವು ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತ ಬರೆದಿರುತ್ತದಲ್ಲ, ಸ್ಟೇಟ್ ಪೆನ್ಷನ್ ಆ ಪಟ್ಟಿಗೆ ಸೇರುವುದಿಲ್ಲ. ನೀವು ದುಡಿದ ಮೊದಲ ವರ್ಷವೂ ಲೆಕ್ಕಕ್ಕೆ ಬರುತ್ತದೆ.

ಒಂದು ವರ್ಷ ‘ಪೂರ್ತಿ’ ಆಗುವುದು ಹೇಗೆ? ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. 2025-26ರಲ್ಲಿ ಒಂದೇ ಕೆಲಸದಲ್ಲಿ ವಾರಕ್ಕೆ 125 ಪೌಂಡ್‌ನ ಲೆಕ್ಕದಲ್ಲಿ ವರ್ಷಕ್ಕೆ 6,500 ಪೌಂಡ್ ದುಡಿದಿದ್ದರೆ ಸಾಕು. ಹನ್ನೆರಡು ತಿಂಗಳೂ ಕೆಲಸ ಮಾಡಿರಬೇಕು ಅಂತೇನಿಲ್ಲ. ತಿಂಗಳಿಗೆ 3,000 ಪೌಂಡ್ ಸಂಬಳದವರು ಜನವರಿಯಲ್ಲಿ ಸೇರಿ ಮೂರು ಸಂಬಳ ತೆಗೆದುಕೊಂಡರೂ ಆ ವರ್ಷ ತುಂಬಿಬಿಡುತ್ತದೆ. ಓದುತ್ತಾ ವಾರಕ್ಕೆ 20 ಗಂಟೆ ಕೆಲಸ ಮಾಡುವ ಹುಡುಗರಿಗೂ ಸಲೀಸಾಗಿ ತುಂಬುತ್ತದೆ. ಒಂದು ಎಚ್ಚರಿಕೆ ಮಾತ್ರ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಚಿಕ್ಕ ಚಿಕ್ಕ ಕೆಲಸ ಮಾಡುವವರ ಎರಡೂ ಸಂಬಳ 125ಕ್ಕಿಂತ ಕೆಳಗಿದ್ದರೆ ಅವನ್ನು ಕೂಡಿಸುವುದಿಲ್ಲ. ಎರಡು ಕಡೆ ದುಡಿದೂ ವರ್ಷ ಖಾಲಿ ಉಳಿಯುತ್ತದೆ.

ಈಗ ಮನೆಯಲ್ಲಿರುವವರ ವಿಷಯ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದೇ. ಹೊಸ ಪದ್ಧತಿಯಲ್ಲಿ ಗಂಡನ ಲೆಕ್ಕ ಗಂಡನಿಗೆ, ಹೆಂಡತಿಯ ಲೆಕ್ಕ ಹೆಂಡತಿಗೆ. ಅವರು 35 ವರ್ಷ ಕಟ್ಟಿದ್ದರೂ ನಿಮ್ಮ ರೆಕಾರ್ಡಿಗೆ ಅದರಿಂದ ಏನೂ ಬರುವುದಿಲ್ಲ. ಹಾಗಂತ ಮನೆಯಲ್ಲಿದ್ದ ವರ್ಷವೆಲ್ಲ ಹೋಯಿತು ಅಂತಲೂ ಅಲ್ಲ. 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ (ಮಕ್ಕಳಿರುವವರಿಗೆ ಸರ್ಕಾರ ಕೊಡುವ ದುಡ್ಡು) ಯಾರ ಹೆಸರಿನಲ್ಲಿದೆಯೋ ಅವರಿಗೆ ಪೆನ್ಷನ್ ವರ್ಷ ಪುಕ್ಕಟೆಯಾಗಿ ಸೇರುತ್ತದೆ. ಇದಕ್ಕೆ ಕ್ರೆಡಿಟ್ ಅನ್ನುತ್ತಾರೆ. ಹಾಗಾಗಿ ಅರ್ಜಿಯನ್ನು ಕೆಲಸಕ್ಕೆ ಹೋಗದವರ ಹೆಸರಿನಲ್ಲೇ ಹಾಕಿ.

ಇದರಲ್ಲಿ ಎರಡು ತೊಡಕುಗಳಿವೆ. ಒಂದು, ಚೈಲ್ಡ್ ಬೆನಿಫಿಟ್ ‘ಪಬ್ಲಿಕ್ ಫಂಡ್ಸ್’ ಪಟ್ಟಿಯಲ್ಲಿದೆ. ಆ ಷರತ್ತಿನ ವೀಸಾ ಇದ್ದಾಗ ಅರ್ಜಿ ಹಾಕಬೇಡಿ, ವೀಸಾಕ್ಕೇ ಕುತ್ತು ಬರಬಹುದು. ಎರಡು, ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಸಿಕ್ಕಿದ ಮೇಲೆ ಅರ್ಜಿ ಹಾಕಲು ತಡಮಾಡಬೇಡಿ. ನಮಗೆ 2015ರಲ್ಲಿ ಐಎಲ್‌ಆರ್ ಬಂತು. ‘ನಿಮ್ಮ ಸಂಬಳ 50 ಸಾವಿರ ದಾಟಿದೆ, ಅರ್ಜಿ ಹಾಕಿದರೂ ಬಂದ ದುಡ್ಡನ್ನು ವಾಪಸ್ ಕಟ್ಟಬೇಕು, ಸುಮ್ನೆ ಯಾಕೆ’ ಅಂತ ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ಆ ಮಾತು ನಂಬಿ ಕೂತೆವು. ದುಡ್ಡು ಬೇಡ, ಕ್ರೆಡಿಟ್ ಮಾತ್ರ ಸಾಕು ಅಂತ ಅದೇ ಅರ್ಜಿಯಲ್ಲಿ ಗುರುತು ಹಾಕಬಹುದು ಅಂತ ಗೊತ್ತಾಗುವಷ್ಟರಲ್ಲಿ ಮುಂದಿನ ಮೇ ಬಂದಿತ್ತು. ಚೈಲ್ಡ್ ಬೆನಿಫಿಟ್ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ತಿಂಗಳಿಗೆ ಮಾತ್ರ ಅನ್ವಯಿಸುತ್ತದೆ. ಆ ವರ್ಷ ಹಾಗೇ ಕೈಬಿಟ್ಟು ಹೋಯಿತು. ಈಗ ಆ ಮಿತಿ 60 ಸಾವಿರ ಆಗಿದೆ. ಸಂಬಳ ಅದಕ್ಕಿಂತ ಜಾಸ್ತಿ ಇದ್ದರೂ ಅರ್ಜಿ ಹಾಕಿ.

ಇಷ್ಟಾದ ಮೇಲೂ ಖಾಲಿ ಉಳಿದ ವರ್ಷಕ್ಕೆ ಕೈಯಿಂದ ಕಟ್ಟುವ ದಾರಿ ಇದೆ. ಅದರ ಹೆಸರು ಕ್ಲಾಸ್ 3. 2025-26ರ ದರ ವಾರಕ್ಕೆ 17.75 ಪೌಂಡ್, ಪೂರ್ತಿ ವರ್ಷಕ್ಕೆ 923. ಒಂದು ವರ್ಷ ಸೇರಿದರೆ ಪೆನ್ಷನ್ ವಾರಕ್ಕೆ ಸುಮಾರು 6.58 ಪೌಂಡ್ ಏರುತ್ತದೆ, ಅಂದರೆ ವರ್ಷಕ್ಕೆ 342. ಪೆನ್ಷನ್ ಶುರುವಾಗಿ ಮೂರು ವರ್ಷದೊಳಗೆ ಹಾಕಿದ ದುಡ್ಡು ಕೈಗೆ ವಾಪಸ್. ಆಮೇಲೆ ಬದುಕಿರುವವರೆಗೂ ಬರುತ್ತಿರುತ್ತದೆ. ಅರ್ಧಂಬರ್ಧ ತುಂಬಿದ ವರ್ಷವಾದರೆ ಉಳಿದ ವಾರಗಳಿಗೆ ಮಾತ್ರ ಕಟ್ಟಿದರೆ ಸಾಕು. ನಿಮ್ಮದೇ ಸ್ವಂತ ಕೆಲಸವಿದ್ದು ಲಾಭ ತೀರಾ ಕಡಿಮೆ ಇದ್ದರೆ ಕ್ಲಾಸ್ 2 ಇನ್ನೂ ಅಗ್ಗ, 2025-26ರಲ್ಲಿ ವಾರಕ್ಕೆ 3.50 ಪೌಂಡ್. ಮನೆಯಿಂದ ಊಟದ ಡಬ್ಬಿ ಕೊಡುವವರು, ಸಂಗೀತ ಹೇಳಿಕೊಡುವವರು ಇದನ್ನು ಮರೆಯಬೇಡಿ. ಮೊದಲು ಸ್ವಂತ ಉದ್ಯೋಗ ಅಂತ ನೋಂದಾಯಿಸಿಕೊಂಡಿರಬೇಕು.

ಆದರೆ ಖಾಲಿ ಕಂಡ ಕೂಡಲೇ ಕಾರ್ಡ್ ತೆಗೆಯಬೇಡಿ. ದಯವಿಟ್ಟು ಮೊದಲು ನಿಮ್ಮ ವಯಸ್ಸಿನ ಲೆಕ್ಕ ಹಾಕಿ. 28ನೇ ವಯಸ್ಸಿಗೆ ಬಂದು 67ರವರೆಗೆ ಇಲ್ಲೇ ದುಡಿಯುವವರಿಗೆ 39 ವರ್ಷ ಸಿಗುತ್ತದೆ. 35 ತಾನಾಗಿಯೇ ದಾಟುತ್ತದೆ. ಓದಿನ ಒಂದು ವರ್ಷ ಖಾಲಿ ಇದ್ದರೆ ಇರಲಿ ಬಿಡಿ. ಅದಕ್ಕೆ ಕಟ್ಟಿದ ದುಡ್ಡು ದಂಡ. 40ಕ್ಕೆ ಬಂದವರ ಕಥೆ ಬೇರೆ, ಅವರಿಗೆ ಪ್ರತಿ ವರ್ಷವೂ ಬೇಕು. 66 ಇದ್ದ ಪೆನ್ಷನ್ ವಯಸ್ಸು 2026ರಿಂದ 2028ರೊಳಗೆ 67 ಆಗುತ್ತದೆ. 2044ರ ನಂತರ 68 ಅಂತ ಕಾನೂನಿನಲ್ಲಿದೆ. ನಾನು 60ಕ್ಕೇ ಕೆಲಸ ಬಿಡಬೇಕು ಅಂತಿದ್ದೇನೆ. ಹಾಗಾಗಿ ನನಗೆ ಐದು ಹಳೆಯ ವರ್ಷ ತುಂಬುವುದು ಸರಿ ಅನ್ನಿಸಿತು. ಸುಮಾರು 4,000 ಪೌಂಡ್ ಹೋಯಿತು. ಬಂದ ವರ್ಷದ್ದನ್ನು ಬಿಟ್ಟೆ.

ನಾನು ತುಂಬಿದ್ದು ಹತ್ತು ವರ್ಷಕ್ಕೂ ಹಿಂದಿನದು. ಆಗ 2006ರಷ್ಟು ಹಿಂದಿನವರೆಗೂ ಕಟ್ಟಲು ವಿಶೇಷ ಅವಕಾಶ ಇತ್ತು. ಆ ಬಾಗಿಲು 2025ರ ಏಪ್ರಿಲ್ 5ಕ್ಕೆ ಮುಚ್ಚಿತು. ಈಗ ಆರು ವರ್ಷದ ಗಡುವು ಅಷ್ಟೇ. 2020-21ರ ಖಾಲಿಗೆ 2027ರ ಏಪ್ರಿಲ್ 5 ಕೊನೆಯ ದಿನ. ಇಲ್ಲೇ ಇರುತ್ತೇವೋ ಊರಿಗೆ ಹೋಗುತ್ತೇವೋ ಅಂತ ಇನ್ನೂ ನಿಶ್ಚಯ ಆಗದವರು ಆ ಆರು ವರ್ಷವನ್ನು ಯೋಚಿಸಲು ಬಳಸಿಕೊಳ್ಳಿ.

ಊರಿಗೆ ಹೋಗುವವರು ಮುಂದಿನದನ್ನು ಎರಡು ಸಲ ಓದಿ. ಮೊದಲೆಲ್ಲ ಇಲ್ಲಿ ಮೂರು ವರ್ಷ ಇದ್ದು ಹೋದವರಲ್ಲಿ ಅನೇಕರು ಬೆಂಗಳೂರಿನಲ್ಲಿ ಕೂತೇ ಕ್ಲಾಸ್ 2 ದರದಲ್ಲಿ ಕಟ್ಟಿ ವರ್ಷ ಸೇರಿಸಿಕೊಳ್ಳುತ್ತಿದ್ದರು. 2026ರ ಏಪ್ರಿಲ್ 6ರಿಂದ ಆ ಅಗ್ಗದ ದಾರಿ ಇಲ್ಲ. ಅಲ್ಲಿಂದ ಮುಂದಿನ, ಹೊರದೇಶದಲ್ಲಿರುವ ವರ್ಷಗಳಿಗೆ ಕ್ಲಾಸ್ 3 ಕಟ್ಟಬೇಕು. ಅದಕ್ಕೂ ಇಲ್ಲಿ 10 ವರ್ಷ ವಾಸವಿದ್ದಿರಬೇಕು, ಇಲ್ಲವೇ 10 ವರ್ಷದ ಎನ್‌ಐ ಇರಬೇಕು. ಅಂದರೆ ಎಂಟೊಂಬತ್ತು ವರ್ಷಕ್ಕೆ ಗಂಟುಮೂಟೆ ಕಟ್ಟುವವರು ವಿಮಾನ ಹತ್ತುವ ಮೊದಲೇ ಲೆಕ್ಕ ನೋಡಬೇಕು. ಒಂಬತ್ತು ವರ್ಷ ತುಂಬಿ, ಇಲ್ಲಿದ್ದಾಗಿನ ಒಂದು ವರ್ಷ ಖಾಲಿ ಇದೆ ಅಂದುಕೊಳ್ಳಿ. ಅದಕ್ಕೆ, 2025-26ರ ದರದಲ್ಲಿ, 923 ಪೌಂಡ್ ಕಟ್ಟಿದರೆ ಹತ್ತಾಗುತ್ತದೆ. ಸೊನ್ನೆ ಇದ್ದದ್ದು ವಾರಕ್ಕೆ ಸುಮಾರು 65.79 ಪೌಂಡ್, ವರ್ಷಕ್ಕೆ 3,400ಕ್ಕೂ ಜಾಸ್ತಿ ಆಗುತ್ತದೆ. ಇಷ್ಟು ಲಾಭದ ಕಂತು ನಾನಂತೂ ಬೇರೆಲ್ಲೂ ಕಂಡಿಲ್ಲ.

ಪೆನ್ಷನ್ ಭಾರತಕ್ಕೂ ಬರುತ್ತದೆ. ಆದರೆ ಇಲ್ಲಿರುವವರಿಗೆ ಪ್ರತಿ ಏಪ್ರಿಲ್‌ನಲ್ಲಿ ಏರುವ ಹಾಗೆ ಅಲ್ಲಿ ಏರುವುದಿಲ್ಲ. ಮೈಸೂರಿನಲ್ಲಿದ್ದಾಗ ಮೊದಲ ವಾರ ಎಷ್ಟು ಬಂತೋ ಇಪ್ಪತ್ತು ವರ್ಷವಾದರೂ ಅಷ್ಟೇ. ಊರಿಗೆ ಹೋಗುವವರು ಲೆಕ್ಕ ಹಾಕುವಾಗ ಇದು ನೆನಪಿರಲಿ.

ರೆಕಾರ್ಡ್ ನೋಡುವುದು ಸುಲಭ. ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ‘ಸ್ಟೇಟ್ ಪೆನ್ಷನ್ ಫೋರ್‌ಕಾಸ್ಟ್’ ಅಂತ ಇದೆ. ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಆ್ಯಪ್‌ನಲ್ಲೂ ಸಿಗುತ್ತದೆ. ಯಾವ ವರ್ಷ ಖಾಲಿ, ಎಷ್ಟು ಕಟ್ಟಬೇಕು, ಎಲ್ಲ ಕಾಣುತ್ತದೆ. ದುಡಿದ ವರ್ಷವೇ ಖಾಲಿ ತೋರಿಸಿದರೆ ಕಟ್ಟಬೇಡಿ. ಪಿ60 (ಕಂಪನಿ ವರ್ಷದ ಕೊನೆಗೆ ಕೊಡುವ ಸಂಬಳ, ತೆರಿಗೆಯ ಚೀಟಿ) ತೋರಿಸಿ ಎಚ್‌ಎಂಆರ್‌ಸಿಯವರಿಂದ ಸರಿ ಮಾಡಿಸಿ. ಕಟ್ಟುವ ಮುಂಚೆ ‘ಈ ವರ್ಷಕ್ಕೆ ಕಟ್ಟಿದರೆ ನನ್ನ ಪೆನ್ಷನ್ ನಿಜವಾಗಿ ಏರುತ್ತದಾ’ ಅಂತ ಸರ್ಕಾರದ ಫ್ಯೂಚರ್ ಪೆನ್ಷನ್ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಒಮ್ಮೆ ಕಟ್ಟಿದ ದುಡ್ಡು ವಾಪಸ್ ಬರುವುದು ಕಷ್ಟ. ಬ್ಯಾಂಕಿನಿಂದ ಕಟ್ಟುವಾಗ 18 ಅಂಕಿಯ ರೆಫರೆನ್ಸ್ ನಂಬರ್ ಹಾಕಬೇಕು. ಒಂದು ಅಂಕಿ ತಪ್ಪಿದರೂ ದುಡ್ಡು ನಿಮ್ಮ ಹೆಸರಿಗೆ ಸೇರದೆ ಅಲೆಯುತ್ತದೆ. ಹೊರದೇಶದಿಂದ ಕಟ್ಟಲು ಅರ್ಜಿ ಬೇರೆ, ಸಿಎಫ್83 ಅಂತ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಇಲ್ಲಿನ ತೆರಿಗೆ ವರ್ಷ ಬದಲಾಗುವುದು ಯುಗಾದಿಯ ಆಸುಪಾಸಿನಲ್ಲೇ ಅಲ್ವಾ? ಬೇವು ಬೆಲ್ಲ ತಿಂದು, ಪಂಚಾಂಗದಲ್ಲಿ ನಮ್ಮ ನಮ್ಮ ರಾಶಿಯ ಆಯ ವ್ಯಯ ನೋಡಿದ ಮೇಲೆ ಇಬ್ಬರೂ ಫೋನ್ ತೆಗೆದು ಎನ್‌ಐ ರೆಕಾರ್ಡನ್ನೂ ನೋಡುತ್ತೇವೆ. ಆಗಷ್ಟೇ ಮುಗಿದ ವರ್ಷದ್ದು ಸೇರಲು ಇನ್ನೂ ಕೆಲವು ತಿಂಗಳು ಬೇಕು. ಅದರ ಹಿಂದಿನದು ಬಂದಿರುತ್ತದೆ. ಹತ್ತು ನಿಮಿಷದ ಕೆಲಸ. ನೀವು ಇವತ್ತು ಸಂಜೆಯೇ ನೋಡಿ, ಮನೆಯಲ್ಲಿರುವವರದ್ದನ್ನು ಮೊದಲು ನೋಡಿ. ಅವರಿಗೆ ಎನ್‌ಐ ನಂಬರ್ ಇನ್ನೂ ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ನಂಬರ್ ಬಂದ ಪತ್ರವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.