‘ಕಳಿಸಿದರೆ’ ಎಂಬ ಒಂದು ಮಾತಿನ ಬೆನ್ನು ಹತ್ತಿ

ರಾಣೆಬೆನ್ನೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಹೋದ ಮೊದಲ ವಾರ ‘ಮುಂದೆ ಏನಾಗುತ್ತೀರಿ?’ ಎಂದು ಕೇಳುವುದು ನನ್ನ ರೂಢಿಯಾಗಿತ್ತು. ಹುಡುಗರು ಪೊಲೀಸ್, ಮಿಲಿಟರಿ, ಎಂಜಿನಿಯರ್ ಎನ್ನುತ್ತಿದ್ದರು. ಹುಡುಗಿಯರು ಟೀಚರ್, ನರ್ಸ್, ಡಾಕ್ಟರ್. ಕೇಳಿ ತಲೆದೂಗಿ, ‘ಚೆನ್ನಾಗಿ ಓದಿ’ ಎಂದು ಪಾಠ ಶುರು ಮಾಡುತ್ತಿದ್ದೆ.

ಒಂದು ವರ್ಷ ಅವರ ಉತ್ತರಗಳನ್ನು ಆಡಿದ ಮಾತಿನಲ್ಲೇ ಬರೆದುಕೊಂಡೆ. ಸಂಜೆ ಮನೆಯಲ್ಲಿ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹುಡುಗರ ವಾಕ್ಯಗಳು ‘ಬೇಕು’ ಎಂದು ಮುಗಿದಿದ್ದವು: ‘ಮಿಲಿಟರಿಗೆ ಸೇರಬೇಕು.’ ಹುಡುಗಿಯರ ವಾಕ್ಯದ ನಡುವೆ ಒಂದು ‘ರೆ’ ಕುಳಿತಿತ್ತು: ‘ಮನೆಯಲ್ಲಿ ಕಳಿಸಿದರೆ ನರ್ಸಿಂಗ್ ಮಾಡುತ್ತೇನೆ’, ‘ಅಪ್ಪ ಒಪ್ಪಿದರೆ ಸೈನ್ಸ್ ತೆಗೆದುಕೊಳ್ಳುತ್ತೇನೆ.’ 22 ಹುಡುಗಿಯರಲ್ಲಿ 17 ಜನ ಹೀಗೆ ಹೇಳಿದ್ದರು. ನಾನು ಅಷ್ಟು ವರ್ಷ ನರ್ಸಿಂಗ್ ಎಂಬುದನ್ನು ಕೇಳಿಸಿಕೊಂಡಿದ್ದೆ, ‘ಕಳಿಸಿದರೆ’ ಎಂಬುದು ಕಿವಿಗೆ ಬಿದ್ದೇ ಇರಲಿಲ್ಲ.

ಅಂದಿನಿಂದ ನನ್ನ ಕೆಲಸವೆಲ್ಲ ಆ ‘ರೆ’ಯನ್ನು ಬಿಡಿಸುವುದೇ ಆಗಿದೆ.

ಮಾಡಿದ್ದು ಇಷ್ಟೆ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಸಿದೆ. ಮೊದಲನೆಯದರಲ್ಲಿ, ಯಾರೂ ಕೇಳದಿದ್ದರೂ ನೀನು ಮಾಡುವ ಕೆಲಸ, ನಿನಗೆ ಚೆನ್ನಾಗಿ ಬರುವ ಕೆಲಸ. ಎರಡನೆಯದರಲ್ಲಿ, ಆಗಬೇಕೆಂದಿರುವುದು. ಮೂರನೆಯದರಲ್ಲಿ, ಅದಕ್ಕೆ ಅಡ್ಡ ಬರುವುದು ಏನು, ಯಾರು, ಎಷ್ಟು. ಹಾಳೆ ನನಗೊಬ್ಬಳಿಗೆ ಮಾತ್ರ, ತರಗತಿಯಲ್ಲಿ ಓದುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ಮೂರನೆಯ ಅಂಕಣದಲ್ಲಿ ‘ಹೆಣ್ಣುಮಕ್ಕಳು ಓದಬಾರದು’ ಎಂದು ಯಾರೂ ಬರೆಯಲಿಲ್ಲ. ಬರೆದದ್ದು: ‘ಕಾಲೇಜು ಬಿಟ್ಟ ಮೇಲೆ ಬಸ್ಸಿಲ್ಲ.’ ‘ತಮ್ಮನನ್ನು ನೋಡಿಕೊಳ್ಳಬೇಕು.’ ‘ಅಕ್ಕನ ಮದುವೆ ಸಾಲ ಇದೆ.’ ಹತ್ತಿರದ ಕಾಲೇಜಿನಲ್ಲಿ ಕಲಾ ಮತ್ತು ವಾಣಿಜ್ಯ ವಿಭಾಗ ಮಾತ್ರ ಇರುವ ಊರುಗಳು ನಮ್ಮ ಸುತ್ತ ಇವೆ. ವಿಜ್ಞಾನ ಬೇಕೆಂದರೆ ಪೇಟೆಗೆ ಹೋಗಬೇಕು. ಹುಡುಗ ಯಾರದೋ ಬೈಕ್ ಹತ್ತಿ ಹೋಗುತ್ತಾನೆ, ಹುಡುಗಿ ಕಲಾ ವಿಭಾಗಕ್ಕೆ ಸೇರುತ್ತಾಳೆ. ಆಮೇಲೆ ನಾವು ‘ಹುಡುಗಿಯರಿಗೆ ಗಣಿತ, ವಿಜ್ಞಾನದಲ್ಲಿ ಆಸಕ್ತಿ ಕಡಿಮೆ’ ಎಂದು ಮಾತಾಡುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟಿನ ಖರ್ಚು ಹೋಯಿತು, ಅದು ದೊಡ್ಡ ಸಹಾಯವೇ. ಆದರೆ ಐದೂಕಾಲಿನ ಬಸ್ ತಪ್ಪಿದರೆ ಮುಂದಿನದು ಏಳಕ್ಕೆ ಎಂಬುದು ಹಾಗೆಯೇ ಉಳಿದಿದೆ.

ಮೊದಲನೆಯ ಅಂಕಣ ನನಗೆ ಇನ್ನೂ ಹೆಚ್ಚು ಕಲಿಸಿತು. ಒಬ್ಬ ಹುಡುಗಿ ಅಲ್ಲಿ ‘ಏನೂ ಬರುವುದಿಲ್ಲ’ ಎಂದು ಬರೆದಿದ್ದಳು. ನಮ್ಮ ಭಾಗ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಟೊಮೆಟೊ, ಮೆಣಸಿನಕಾಯಿ ಹೂಗಳ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸುವುದಕ್ಕೆ, ಹೆಂಗಸರ, ಹುಡುಗಿಯರ ಸಣ್ಣ ಬೆರಳುಗಳೇ ಬೇಕು ಎನ್ನುತ್ತಾರೆ. ಇವಳ ಮನೆಯವರೂ ಎರಡು ಎಕರೆಯಲ್ಲಿ ಕಂಪನಿಯ ಬೀಜದ ಪ್ಲಾಟ್ ಹಾಕುತ್ತಾರೆ. ಮರುವರ್ಷ ಹತ್ತನೆಯ ತರಗತಿಯಲ್ಲಿ ಮೆಂಡಲ್‌ನ ಬಟಾಣಿ ಪ್ರಯೋಗ ಹೇಳುತ್ತಿದ್ದೆ. ಎತ್ತರದ ಗಿಡದ ಪರಾಗವನ್ನು ಗಿಡ್ಡ ಗಿಡದ ಹೂವಿಗೆ ಹಾಕಿದ ಎಂದಷ್ಟೇ ಹೇಳಿ ಮುಂದೆ ಹೋದೆ. ಎಂದೂ ಬಾಯಿ ಬಿಡದವಳು ಎದ್ದು ನಿಂತಳು.

‘ಟೀಚರ್, ಹೂ ಅರಳುವ ಮೊದಲೇ ಕೇಸರ ಕಿತ್ತಿರಬೇಕಲ್ಲವೇ? ಇಲ್ಲದಿದ್ದರೆ ತನ್ನದೇ ಪರಾಗ ತಾಗಿಬಿಡುತ್ತದೆ.’

‘ನಿನಗೆ ಹೇಗೆ ಗೊತ್ತು?’

‘ನಾವು ಸಂಜೆ ಮೊಗ್ಗು ಬಿಡಿಸಿ ಕೀಳುತ್ತೇವೆ, ಬೆಳಿಗ್ಗೆ ಪರಾಗ ಮುಟ್ಟಿಸುತ್ತೇವೆ.’

ಮರುದಿನ ಚಿಮಟ ತರಲು ಹೇಳಿದೆ. ಮೆಣಸಿನ ಮೊಗ್ಗನ್ನು ಎಡಗೈ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ದಳಗಳನ್ನು ಹರಿಯದಂತೆ ಸರಿಸಿ, ಒಂದೊಂದೇ ಪರಾಗಕೋಶ ಎತ್ತಿ, ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಒಂದಿಷ್ಟೂ ಗಾಯ ಮಾಡದೆ ಬಿಟ್ಟಳು. ನಾನು ಪ್ರಯತ್ನಿಸಿದಾಗ ಮೂರು ಮೊಗ್ಗು ಮುರಿದವು. ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಸಸ್ಯ ತಳಿ ವಿಜ್ಞಾನವನ್ನೇ ವೃತ್ತಿ ಮಾಡಿಕೊಂಡವರು ಮಾಡುವ ಕೆಲಸದ ಮೊದಲ ಪಾಠ ಅವಳ ಕೈಯಲ್ಲಿತ್ತು. ಅದು ಹೆಣ್ಣಾಳಿನ ಕೆಲಸ ಎಂದು ಹೆಸರಾಗಿದ್ದರಿಂದ ಅದಕ್ಕೆ ಲೆಕ್ಕವೇ ಇರಲಿಲ್ಲ, ಅವಳಿಗೂ ಇರಲಿಲ್ಲ, ನನಗೂ.

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆ. ಬಿ.ಎಸ್ಸಿ. ಕೃಷಿ ಪದವಿಗೆ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ ಎಂದು ಹೇಳಿದಾಗ ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆದರೆ ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ವಿಜ್ಞಾನಕ್ಕೆ ಪೇಟೆ ಬೇಕು.

ಅವಳ ತಂದೆಯ ಜೊತೆ ಮಾತಿಗೆ ಕುಳಿತಾಗ ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅವರು ಚಹಾ ಕೊಡಿಸಿ, ಮೆಲ್ಲಗೆ ಹೇಳಿದರು: ‘ಓದಿಸಬಾರದು ಎಂದಲ್ಲ ಅಕ್ಕೋರೇ. ಪ್ರಾಕ್ಟಿಕಲ್ ಇದ್ದ ದಿನ ಕತ್ತಲಾಗುತ್ತದೆ. ಕ್ರಾಸ್‌ನಿಂದ ಊರಿಗೆ ಎರಡು ಕಿಲೋಮೀಟರ್ ನಡೆಯಬೇಕು. ಹೆಚ್ಚುಕಡಿಮೆ ಆದರೆ ನೀವು ಬರುತ್ತೀರಾ?’ ಭಾಷಣ ಅಲ್ಲೇ ನಿಂತಿತು. ಅವರ ಭಯ ಸುಳ್ಳಲ್ಲ. ಅದನ್ನು ಹಳೆಯ ಕಾಲದ ಬುದ್ಧಿ ಎಂದು ತಳ್ಳಿಹಾಕಿದ್ದರೆ ಆ ಮನೆಯ ಬಾಗಿಲು ನನಗೆ ಮತ್ತೆ ತೆರೆಯುತ್ತಿರಲಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವುಗಳ ಬೆನ್ನು ಹತ್ತಿದೆವು. ಹಾಸ್ಟೆಲನ್ನು ಮೊದಲು ತಾಯಿ ಹೋಗಿ ನೋಡಿಕೊಂಡು ಬಂದರು. ವಾರ್ಡನ್ ಜೊತೆ ಮಾತಾಡಿ, ಅಡುಗೆಮನೆ ನೋಡಿ, ಕಿಟಕಿಯ ಚಿಲಕ ಎಳೆದು ಪರೀಕ್ಷಿಸಿ ಬಂದ ಮೇಲೆ ಆ ಮನೆಯಲ್ಲಿ ಮಾತು ತಿರುಗಿತು. ತಂದೆಯನ್ನು ಒಪ್ಪಿಸಿದ್ದು ಅವರೇ.

ನನ್ನ ಪ್ರಯೋಗಾಲಯದಲ್ಲೂ ತಪ್ಪಿತ್ತು. ಓಮ್‌ನ ನಿಯಮದ ಪ್ರಯೋಗಕ್ಕೆ ನಮ್ಮಲ್ಲಿ ನಾಲ್ಕೇ ಸೆಟ್. ಎಂಟು ಜನರ ಗುಂಪಿನಲ್ಲಿ ತಂತಿ ಜೋಡಿಸಿ ಸ್ಕ್ರೂ ಬಿಗಿಯುವ ಕೈ ಹುಡುಗರದ್ದು, ಅಂದವಾಗಿ ರೆಕಾರ್ಡ್ ಬರೆಯುವ ಕೈ ಹುಡುಗಿಯರದ್ದು. ಹಾಗೆ ಮಾಡಿ ಎಂದು ನಾನು ಎಂದೂ ಹೇಳಿರಲಿಲ್ಲ, ನಿಲ್ಲಿಸಿಯೂ ಇರಲಿಲ್ಲ. ಈಗ ಚೀಟಿ ಎತ್ತಿ ಕೆಲಸ ಹಂಚುತ್ತೇನೆ. ಮೊದಲ ತಿಂಗಳು ಗದ್ದಲವಿತ್ತು, ಒಂದು ಅಮ್ಮೀಟರ್ ಸುಟ್ಟಿತು, ಆಮೇಲೆ ಸರಿಹೋಯಿತು.

ಒಂದು ಐಟಿಐಗೂ ಭೇಟಿ ಕೊಟ್ಟೆವು. 2022ರ ಹೊತ್ತಿಗೆ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮುಂದೆ ತೋಳ್ಬಲದ ಪ್ರಶ್ನೆ ಬರುವುದಿಲ್ಲ. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಇದೆ ಎಂದು ಬೋಧಕರು ವಿವರಿಸಿದರು. ಹುಡುಗರು ವೇತನ ಕೇಳಿದರು. ಒಬ್ಬ ಹುಡುಗಿ ಶೌಚಾಲಯ ಎಲ್ಲಿದೆ ಎಂದು ಕೇಳಿದಳು. ಹೆಣ್ಣುಮಕ್ಕಳದ್ದು ಬೀಗ ಹಾಕಿತ್ತು, ಕೀಲಿ ಕಚೇರಿಯಲ್ಲಿತ್ತು, ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ವಾಪಸ್ ಬರುವಾಗ ಫಿಟ್ಟರ್ ಆಗುತ್ತೇನೆ ಎಂದು ಯಾವ ಹುಡುಗಿಯೂ ಹೇಳಲಿಲ್ಲ. ಆಸಕ್ತಿ ಇಲ್ಲ ಎಂದು ಅದಕ್ಕೆ ಹೆಸರಿಡಲು ನಾನು ಸಿದ್ಧಳಿಲ್ಲ.

ಹುಡುಗರ ‘ಬೇಕು’ ಎಂಬುದೂ ಅವರದೇ ಆಗಿರಲಿಲ್ಲ ಎಂದು ತಿಳಿದದ್ದು ಹಾಳೆ ಓದಿದ ಮೇಲೆ. ತರಗತಿಯಲ್ಲಿ ಮಿಲಿಟರಿ ಎಂದವನೊಬ್ಬ ಹಾಳೆಯಲ್ಲಿ ‘ಸಣ್ಣ ಮಕ್ಕಳಿಗೆ ಆಟ ಆಡಿಸುವುದು ಚೆನ್ನಾಗಿ ಬರುತ್ತದೆ’ ಎಂದು ಬರೆದಿದ್ದ. ಅಡ್ಡ ಬರುವುದು: ‘ನಗುತ್ತಾರೆ.’ ಶಾಲೆಯ ಪಕ್ಕದ ಅಂಗನವಾಡಿಯಲ್ಲಿ ಅವನ ತಂಗಿ ಇದ್ದಳು. ಅವನು ಹೋದರೆ ಅಳುವ ಮಗುವೂ ಸುಮ್ಮನಾಗುತ್ತಿತ್ತು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಮಹಿಳೆಯರಿಗೆ ಮಾತ್ರ ಎಂದು ಅವನಿಗೆ ಹೇಳುವಾಗ ನನಗೆ ಸಂಕಟವಾಯಿತು. ಪ್ರಾಥಮಿಕ ಶಾಲಾ ಶಿಕ್ಷಕನಾಗಲು ಡಿ.ಇಎಲ್.ಇಡಿ. ಎಂಬ ಶಿಕ್ಷಕ ತರಬೇತಿಯ ದಾರಿ ತೋರಿಸಿದ್ದೇನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಹುಡುಗಿಯರು ಶೇ 81.11, ಹುಡುಗರು ಶೇ 65.90ರಷ್ಟು ತೇರ್ಗಡೆಯಾದರು. ಹದಿನೈದರಲ್ಲೇ ಜೆಸಿಬಿ, ಬೋರ್‌ವೆಲ್ ಲಾರಿ ಎಂದು ಹೊರಡುವ ಹುಡುಗರನ್ನು ನೋಡಿದವರಿಗೆ ಈ ಅಂತರ ಆಶ್ಚರ್ಯ ತರುವುದಿಲ್ಲ. ‘ಗಂಡು ಮಗ, ದುಡಿಯಬೇಕು’ ಎಂಬ ಮಾತು ಅವರ ಮೂರನೆಯ ಅಂಕಣದಲ್ಲಿ ಮತ್ತೆ ಮತ್ತೆ ಇದೆ.

ಎಲ್ಲವೂ ಕೈಗೂಡಿಲ್ಲ. ಸಾಲದ ಬಗ್ಗೆ ಬರೆದವಳು ಪಿಯುಸಿಗೆ ಸೇರಲೇ ಇಲ್ಲ. ಮೂರು ಸಲ ಹೋದೆ, ಮೂರನೆಯ ಸಲ ಮನೆಗೆ ಬೀಗವಿತ್ತು. ಕಬ್ಬು ಕಡಿಯಲು ಹೋಗಿದ್ದಾರೆ ಎಂದರು ನೆರೆಯವರು. ಅವಳ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಕ್ರಾಸಿಂಗ್ ಹುಡುಗಿ ಈಗ ದ್ವಿತೀಯ ಪಿಯುಸಿ. ಹೋದ ರಜೆಯಲ್ಲಿ ಚಿಮಟ ಹಿಡಿದುಕೊಂಡು ಬಂದು ಹತ್ತನೆಯ ತರಗತಿಗೆ ಮೊಗ್ಗು ಬಿಡಿಸುವುದನ್ನು ಕಲಿಸಿ ಹೋದಳು; ಹುಡುಗರೂ ಸಾಲಿನಲ್ಲಿ ನಿಂತು ಕಲಿತರು. ಈ ವರ್ಷದ ಹಾಳೆಗಳು ನಿನ್ನೆ ಬಂದಿವೆ. ಒಬ್ಬಳು ಎರಡನೆಯ ಅಂಕಣದಲ್ಲಿ ಎಲೆಕ್ಟ್ರಿಷಿಯನ್ ಎಂದು ಬರೆದು, ಮೂರನೆಯದರಲ್ಲಿ ‘ಅಜ್ಜಿ’ ಎಂದಷ್ಟೇ ಬರೆದಿದ್ದಾಳೆ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಆ ಅಜ್ಜಿಯನ್ನು ನೋಡಲು ಹೋಗುವವಳಿದ್ದೇನೆ.